ಬೀಗರಿಗೆ ಬರೆದ ನಕ್ಷೆ

ಮಗಳ ಮದುವೆ ಮಾತು ಕುದುರಿ, ಬೀಗರು ಮೊದಲ ಸಲ ಊರಿಗೆ ಬರುವವರಿದ್ದರು. ಬೀಗ ಬೀಗಿತ್ತಿ ಇಬ್ಬರಿಗೂ ಹಳೆಯ ಕಟ್ಟಡಗಳೆಂದರೆ ಪ್ರಾಣ. ಆದರೆ ಗೈಡಿನ ಹಿಂದೆ ಕುರಿಗಳ ಹಾಗೆ ಹೋಗುವುದು ಸೇರದು. "ಒಂದು ನಕ್ಷೆ ಕೊಟ್ಬಿಡಿ, ನಮ್ಮ ಪಾಡಿಗೆ ನಾವು ನಡ್ಕೊಂಡು ನೋಡ್ತೀವಿ" ಎಂದು ಬೀಗಿತ್ತಿ ಫೋನಿನಲ್ಲಿ ಹೇಳಿದ್ದರು.

ಹುಡುಗಿಯ ತಾಯಿ ಶಾಲೆಯಲ್ಲಿ ಡ್ರಾಯಿಂಗ್ ಕಲಿಸುವವಳು, ಅವಳಿಗೆ ಇಷ್ಟು ಸಾಲದೆ? ಊಟದ ಮೇಜಿನ ಮೇಲೆ ಹಾಳೆ ಹರಡಿ, ಹಳೇ ಕೋರ್ಟಿನ ಕಂಬಗಳು, ಅಂಚೆ ಕಚೇರಿಯ ಗುಮ್ಮಟ, ನೀರಿನ ಗೋಪುರ ಎಲ್ಲವನ್ನೂ ಪುಟ್ಟದಾಗಿ ಬರೆದಳು. ಎಲ್ಲಿ ನಿಂತರೆ ಚೆನ್ನಾಗಿ ಕಾಣುತ್ತದೆ, ಎಲ್ಲಿ ಕೂತು ದಣಿವಾರಿಸಿಕೊಳ್ಳಬಹುದು ಎಂದೂ ಗುರುತು ಹಾಕಿದಳು.

ಅವಳ ಗಂಡ ಕಾಲೇಜಿನ ಪ್ರಿನ್ಸಿಪಾಲ್. ಹೋದ ವರ್ಷ ಈ ಊರಿಗೆ ವರ್ಗವಾದಾಗ ತಪ್ಪಿಸಿಕೊಳ್ಳಲು ಕಂಡಕಂಡವರ ಕಾಲು ಹಿಡಿದಿದ್ದ. ಯಾಕೆಂದು ಹೆಂಡತಿಗೆ ಹೇಳಿರಲಿಲ್ಲ. ನಕ್ಷೆ ನೋಡುತ್ತ ಎಲ್ಲದಕ್ಕೂ ಹೂಂಗುಟ್ಟುತ್ತಿದ್ದವನು ಗಡಿಯಾರದ ಬೀದಿ ಬಂದ ಕೂಡಲೇ ಕನ್ನಡಕ ತೆಗೆದ.

"ಅದು ಬೇಡ. ಕೊಳಕು ಬೀದಿ."

"ರೀ, ಊರಲ್ಲಿ ನೋಡೋ ಹಾಗಿರೋದೇ ಅಲ್ಲಿನ ಮರದ ಬಾಲ್ಕನಿಯಂತೆ. ಅದನ್ನ ಬಿಟ್ರೆ ತಲೆ ಬಿಟ್ಟು ಮುಂಡ ತೋರಿಸಿದ ಹಾಗೆ."

"ಬೇಡ ಅಂದ್ನಲ್ಲ."

ಅಷ್ಟಕ್ಕೇ ಸುಮ್ಮನಾಗುವ ಜಾಯಮಾನ ಅವಳದಲ್ಲ. ಮಾರನೆಯ ದಿನ ಶಾಲೆ ಬಿಟ್ಟ ಮೇಲೆ ನೇರ ಅಲ್ಲಿಗೇ ಹೋದಳು. ಬಾಲ್ಕನಿಯನ್ನು ಹೊತ್ತ ತೊಲೆಗಳ ತುದಿಯಲ್ಲೆಲ್ಲ ಹಕ್ಕಿಗಳ ಕೆತ್ತನೆ, ಒಂದರ ಕತ್ತಿನ ಹಾಗೆ ಇನ್ನೊಂದರದ್ದಿಲ್ಲ. ಕೆಳಗೆ ಹೊಲಿಗೆ ಮಿಷನ್ ಇಟ್ಟುಕೊಂಡು ಒಬ್ಬ ಚೀಲಗಳ ಜಿಪ್ ರಿಪೇರಿ ಮಾಡುತ್ತಿದ್ದ. ನಿಂತೇ ಬರೆಯುತ್ತಿದ್ದವಳ ಕಡೆಗೆ ಸ್ಟೂಲು ತಳ್ಳಿದ.

"ಕೂತ್ಕೊಳ್ಳಮ್ಮ, ಕಾಲು ನೋಯುತ್ತೆ."

ಥ್ಯಾಂಕ್ಸ್ ಹೇಳಲು ತಿರುಗಿದವಳು ಹಾಗೇ ನಿಂತುಬಿಟ್ಟಳು. ಅದೇ ಮೂಗು, ಅದೇ ಕೂಡುಹುಬ್ಬು. ತನ್ನ ಗಂಡನನ್ನೇ ಇನ್ನೊಮ್ಮೆ ಎರಕ ಹೊಯ್ದ ಹಾಗಿತ್ತು.

"ನೀವು..."

"ಹೌದಮ್ಮ, ಅವನ ಅಣ್ಣ. ಕಾಲೇಜ್ ಗೇಟ್ ಹತ್ರ ನಿಮ್ಮಿಬ್ರನ್ನೂ ಒಂದ್ಸಲ ನೋಡಿದೀನಿ. ಮಾತಾಡಿಸ್ಲಿಲ್ಲ."

"ನೀವು ತೀರಿಹೋದ್ರಿ ಅಂತ..." ಬಾಯಿ ತಪ್ಪಿ ಬಂದೇಬಿಟ್ಟಿತು.

ಅವನು ಹಲ್ಲಿನಿಂದ ದಾರ ಕಡಿದು ನಕ್ಕ. "ಹಾಗಂದ್ನಾ? ಜೈಲಿಗೆ ಹೋದ ಅನ್ನೋದಕ್ಕಿಂತ ಅದೇ ಮರ್ಯಾದೆ ಬಿಡಿ." ವಯಸ್ಸಿನ ಬಿಸಿಯಲ್ಲಿ ಒಂದು ಜಗಳ, ಒಬ್ಬ ಸತ್ತ. ಶಿಕ್ಷೆ ಮುಗಿಸಿ, ಗುರುತಿನವರಿಲ್ಲದ ಊರೆಂದು ಇಲ್ಲಿಗೆ ಬಂದಿದ್ದ. ಇಷ್ಟನ್ನೂ ಬೇರೆ ಯಾರದೋ ಕಥೆಯೆಂಬಂತೆ ಹೇಳಿ, "ಮಗಳು ಇದಾಳಂತೆ?" ಎಂದ.

"ಇದಾಳೆ. ಮದುವೆ ಗೊತ್ತಾಗಿದೆ."

"ಸಂತೋಷ" ಎಂದು ಮಿಷನ್ನಿನ ಮೇಲೆ ತಲೆ ಬಗ್ಗಿಸಿದ. 

ದಾರಿಯುದ್ದಕ್ಕೂ ಕೆಂಡದಂಥ ಮಾತುಗಳನ್ನು ಜೋಡಿಸಿಕೊಂಡು ಮನೆಗೆ ಬಂದಳು. "ನಿಮ್ಮಣ್ಣನ್ನ ನೋಡ್ಕೊಂಡು ಬಂದೆ" ಎಂದದ್ದಷ್ಟೆ.

ಗಂಡ, "ನಿಜ ಹೇಳಿದ್ರೆ ನಿಮ್ಮಪ್ಪ ಹೆಣ್ಣು ಕೊಡ್ತಿದ್ರಾ?" ಎಂದ.

"ನನ್ನ ಕೇಳಬಹುದಿತ್ತು."

"ಸರಿ, ಈಗ ಕೇಳ್ತೀನಿ. ಬೀಗರಿಗೆ ನೀನೇ ಹೇಳು. ಮಗಳ ಮುಖ ನೋಡ್ಕೊಂಡು ಹೇಳು."

ಒಳಗಿನ ಕೋಣೆಯಲ್ಲಿ ಮಗಳು ಫೋನಿನಲ್ಲಿ ಹುಡುಗನೊಡನೆ ನಗುತ್ತಿದ್ದಳು. ತಾಯಿ ಆ ಕಡೆಗೊಮ್ಮೆ ನೋಡಿದಳು. ರಬ್ಬರ್ ತೆಗೆದುಕೊಂಡು ಗಡಿಯಾರದ ಬೀದಿಯನ್ನು ಉಜ್ಜಿ ಹಾಕಿ, ಹಿಂದಿನ ರಸ್ತೆಯಿಂದ ದಾರಿ ತಿರುಗಿಸಿದಳು.

ಬೀಗರು ಬಂದರು, ನಕ್ಷೆ ಹಿಡಿದು ದಿನವಿಡೀ ಸುತ್ತಿ, ಸಂಜೆ ಹಿಗ್ಗುತ್ತ ಮರಳಿದರು. ಕಾಲು ಚಾಚಿ ಕೂತ ಬೀಗಿತ್ತಿ, "ಎಲ್ಲಾ ಸೊಗಸಾಗಿತ್ತು. ಒಂದು ಮರದ ಬಾಲ್ಕನಿ ಇದೆ ಅಂತ ಎಲ್ಲೋ ಓದಿದ್ದೆ, ಅದು ನಕ್ಷೇಲಿ ಇರ್ಲಿಲ್ವಲ್ಲ?" ಎಂದು ಕೇಳಿದರು.

ಗಂಡನ ಕೈ ಲೋಟದ ಮೇಲೇ ನಿಂತಿತು.

"ಅದಾ? ಹೋದ ವರ್ಷವೇ ಬಿದ್ದೋಯ್ತು. ಈಗ ಅಲ್ಲಿ ಏನೂ ಇಲ್ಲ" ಎಂದಳು. ದನಿ ಒಂದಿಷ್ಟೂ ನಡುಗಲಿಲ್ಲ.

"ಅಯ್ಯೋ ಪಾಪ" ಎಂದರು ಬೀಗಿತ್ತಿ.

ಸಂಸಾರ ಹೂಡಿದಾಗಿನಿಂದ ಒಂದು ಲೋಟವನ್ನೂ ಎತ್ತದ ಗಂಡ ಅಂದು ಎಲ್ಲರ ಲೋಟಗಳನ್ನೂ ಅಡುಗೆಮನೆಗೆ ತಂದಿಟ್ಟ. ದನಿ ತಗ್ಗಿಸಿ, "ಮದುವೆಗೆ ಅವನನ್ನೇನೂ ಕರೀಲಿಲ್ಲ ತಾನೆ ನೀನು?" ಎಂದ.

"ಸತ್ತವರನ್ನ ಯಾರು ಕರೀತಾರೆ?" ಎಂದಳು.

ಅದು ಅವನಿಗೆ ಚುಚ್ಚಲಿಲ್ಲ. ಅಕ್ಕರೆಯಿಂದ ಅವಳ ಬೆನ್ನು ತಟ್ಟಿ, ಬೀಗರ ಜೊತೆ ಮಾತಾಡಲು ಹೋದ. ಅವನ ಕೈ ತಾಗಿದ ಜಾಗವನ್ನು ಅವಳು ಸೆರಗಿನಿಂದ ಒರೆಸಿಕೊಂಡಳು.