ಎಂಟು ದಿನ ಮುಚ್ಚಿಟ್ಟ ಸುದ್ದಿ

ಗದಿಗೆವ್ವ ಒದ್ದೆ ಬಟ್ಟೆಯಿಂದ, ತೀರಿಹೋಗಿದ್ದ ಉಡಚವ್ವನ ಬೆರಳುಗಳನ್ನು ಉಜ್ಜುತ್ತಲೇ ಇದ್ದಳು. ಬ್ಯಾಡಗಿಯಲ್ಲಿ ಮೂವತ್ತು ವರ್ಷ ಇಬ್ಬರೂ ಜೊತೆಗೆ ಕೂತು ಮೆಣಸಿನಕಾಯಿಯ ತೊಟ್ಟು ಮುರಿದವರು. ಉಗುರ ಸಂದಿಯ ಕೆಂಪು ಹೋಗುತ್ತಿರಲಿಲ್ಲ.

“ಬಿಡು ಚಿಗವ್ವ, ಹಂಗ ಇರ್ಲಿ,” ಎಂದಳು ಉಡಚವ್ವನ ಮಗಳು ಶ್ರೀದೇವಿ.

ಉಡಚವ್ವನ ಗಂಡ ತಿರಕಪ್ಪ ಕಂಬಕ್ಕೊರಗಿ ರಸ್ತೆಯನ್ನೇ ನೋಡುತ್ತಿದ್ದ. ಹಳಿಯಾಳದಾಚೆಯ ಗುಡ್ಡದಿಂದ, ಉಡಚವ್ವನ ತವರಾದ ಸಿದ್ದಿಯರ ಕೇರಿಯಿಂದ, ಅವಳ ತಮ್ಮ ಜಟ್ಟೆಪ್ಪ ಬರಬೇಕಿತ್ತು. ಆರು ವರ್ಷದಿಂದ ಅಕ್ಕ ತಮ್ಮನ ನಡುವೆ ಮಾತಿರಲಿಲ್ಲ.

“ಬರ್ತಾನೋ ಇಲ್ಲೋ,” ಎಂದ ನೆರೆಮನೆಯ ಚಂದ್ರಪ್ಪ.

“ಬರಲಿಲ್ಲಂದ್ರೂ ತಪ್ಪು ಅವಂದಲ್ಲ,” ಎಂದ ತಿರಕಪ್ಪ.

ಮಧ್ಯಾಹ್ನ ಜಟ್ಟೆಪ್ಪ ಬಂದ. ಗುಂಗುರು ಕೂದಲು ಪೂರ್ತಿ ಬೆಳ್ಳಗಾಗಿತ್ತು. ಅಕ್ಕನ ಮುಖ ನೋಡಿದ. ಅಳಲಿಲ್ಲ.

“ನಾ ಬಂದೇನಿ ನೋಡಕ್ಕಾ. ಅವ್ವ ಸತ್ತಾಗ ನೀ ಬರಲಿಲ್ಲ. ಅವ್ವನ ಹೆಣಾ ಇಟ್ಕೊಂಡು ಒಂದಿನಾ ಗುಡ್ಡದ ಹಾದಿ ಕಾದ್ವಿ. ಸತ್ತ ಹಿರೇರ ಕಟ್ಟಿ ಮ್ಯಾಲ ಆಕಿ ಹೆಸರಿನ ಕಾಯಿ ಇಡೂ ದಿನಾನಾದ್ರೂ ಬರ್ತಿ ಅನ್ಕೊಂಡಿದ್ವಿ. ಜ್ವರಾ ಬಂದಿತ್ತಂತ, ಜ್ವರಾ.”

*

ಆರು ವರ್ಷದ ಹಿಂದೆ, ಎರಡು ಸಾವಿರದ ಎರಡರ ಮಾತು. ಶ್ರೀದೇವಿಯ ಮದುವೆಗೆ ನಾಲ್ಕು ದಿನವಿತ್ತು. ಮೂಲೆ ಅಂಗಡಿಯ ಫೋನಿಗೆ ಬಂದ ಅತ್ತೆಯ ಸಾವಿನ ಸುದ್ದಿಯನ್ನು ಕೇಳಿದವನು ತಿರಕಪ್ಪ. ಸೂತಕವೆಂದರೆ ಮದುವೆ ನಿಲ್ಲುತ್ತದೆ. ಕಾಡಿನವಳ ಮಗಳೆಂದು ಮೊದಲೇ ಮೂಗು ಮುರಿದಿದ್ದ ಬೀಗರು ಮತ್ತೆ ತಿರುಗಿ ನೋಡಲಾರರು. ಅವನು ಬಾಯಿ ಬಿಡಲಿಲ್ಲ. ಹಂದರದ ತುಂಬ ನಗುತ್ತ ಓಡಾಡಿದ ಉಡಚವ್ವ, ಅವ್ವ ಯಾಕೆ ಬರಲಿಲ್ಲವೆಂದು ಎರಡು ಸಲ ಕೇಳಿದಳು.

“ವಯಸ್ಸಾಗೇತಿ. ಬಸ್ ಹತ್ತಾಕ ಆಗಿರಾಕಿಲ್ಲ,” ಎಂದ.

ಎಂಟನೆಯ ದಿನ ಹೇಳಿದ. ಅಷ್ಟರಲ್ಲಿ ಗುಡ್ಡದಲ್ಲಿ ಕಾಯಿ ಇಡುವುದೂ ಮುಗಿದಿತ್ತು.

ಉಡಚವ್ವ ಹಿತ್ತಲಿಗೆ ಹೋಗಿ, ಖಾಲಿ ಎಣ್ಣೆ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು, ಗುಡ್ಡದಲ್ಲಿ ತನ್ನವರು ಡಮಾಮಿ ಬಾರಿಸುವಂತೆ ಬಾರಿಸತೊಡಗಿದಳು. ಅವಳು ತನ್ನ ಭಾಷೆಯಲ್ಲಿ ಹಾಡಿದ ಪದವನ್ನು ಆ ಓಣಿ ಅಂದೇ ಮೊದಲು ಕೇಳಿದ್ದು. ಸಂಜೆಯ ಹೊತ್ತಿಗೆ ದನಿ ಬಿದ್ದುಹೋಯಿತು. ಗದಿಗೆವ್ವ ನೀರು ಕೊಟ್ಟಳು.

“ತಮ್ಮಗ ಖರೇ ಹೇಳಿಬಿಡು.”

“ಹೇಳಿದ್ರ ನಮ್ಮವರು ನನ್ನ ಗಂಡನ್ನ ಗುಡ್ಡಾ ಹತ್ತಗೊಡೂದಿಲ್ಲ. ಸಿಟ್ಟು ನನ್ನ ಮ್ಯಾಲ ಇರ್ಲಿ. ನನಗ ಜ್ವರಾ ಬಂದಿತ್ತು, ಅಷ್ಟ.”

*

ಗದಿಗೆವ್ವ ಬಾಯಿ ತೆರೆಯುವ ಮೊದಲೇ ತಿರಕಪ್ಪ ಎದ್ದು ಒಳಗೆ ಬಂದ.

“ಜ್ವರಾ ಬಂದಿರಲಿಲ್ಲೋ ಜಟ್ಟೆಪ್ಪ. ಫೋನ್ ನಾ ತಗೊಂಡಿದ್ದೆ. ಮದುವಿ ನಿಂತೀತು ಅಂತ ಎಂಟು ದಿನಾ ಮುಚ್ಚಿಟ್ಟೆ. ಆಕಿ ನನ್ನ ಹೆಸರು ಹೇಳಲಿಲ್ಲ.”

“ನನ್ನ ಮದುವಿ ಸಲುವಾಗಿ ಏನಪ್ಪಾ?” ಶ್ರೀದೇವಿಯ ದನಿ ಒಡೆಯಿತು.

ಜಟ್ಟೆಪ್ಪ ಅವನ ಅಂಗಿಯ ಕೊರಳಪಟ್ಟಿ ಹಿಡಿದ. ಯಾರೂ ಬಿಡಿಸಲು ಹೋಗಲಿಲ್ಲ. ತಿರಕಪ್ಪ ತಪ್ಪಿಸಿಕೊಳ್ಳಲೂ ಇಲ್ಲ.

“ಆರು ವರ್ಷ ಮಾವಾ! ಆರು ವರ್ಷ ಈಕಿ ಕೂಡ ಒಂದ್ ಮಾತು ಆಡಲಿಲ್ಲ ನಾ.”

ಕೈ ಸಡಿಲಿತು. ಅಕ್ಕನ ಪಾದಗಳ ಮೇಲೆ ಹಣೆಯಿಟ್ಟು ಅವನು ಅತ್ತ. ಹೊತ್ತಾಯಿತೆಂದು ಹೊರಗಿನಿಂದ ಯಾರೋ ಕೂಗುವವರೆಗೂ ಅತ್ತ.

ಊರ ಹೊರಗೆ, ಎರೆ ಹೊಲದ ಅಂಚಿನಲ್ಲಿ ಕುಣಿ ತೋಡಿದ್ದರು. ಹೆಣವನ್ನು ಇಳಿಸಿಕೊಳ್ಳಲು ಜಟ್ಟೆಪ್ಪ ಮೊದಲು ಒಳಗಿಳಿದ. ಇನ್ನೊಂದು ಬದಿಗೆ ಇಳಿಯಲು ಚಂದ್ರಪ್ಪ ಧೋತರ ಎತ್ತಿ ಕಟ್ಟುತ್ತಿದ್ದ.

“ನೀವು ಬ್ಯಾಡ್ರಿ,” ಎಂದ ಜಟ್ಟೆಪ್ಪ. ಜನರ ಹಿಂದೆ ನಿಂತಿದ್ದ ತಿರಕಪ್ಪನತ್ತ ಕೈ ಚಾಚಿದ. “ಮಾವಾ, ನೀ ಬಾ.”

ತಿರಕಪ್ಪ ಮುಂದೆ ಬಂದ. ಆ ಕೈಯ ಮೇಲೆ ತನ್ನ ಭಾರವನ್ನೆಲ್ಲ ಬಿಟ್ಟು ಇಳಿದ. ಇಬ್ಬರೂ ಎದುರುಬದುರು ನಿಂತು, ಮುಖ ಮೇಲೆತ್ತಿ, ಅವಳಿಗಾಗಿ ತೋಳು ಚಾಚಿದರು.