ಮೊದಲ ಚಳಿಗಾಲದ ಗಿಡುಗ

ಹೆಗಲು ಕೊಡಲು ಮುಂದೆ ಬಂದ ಬಸ್ ಡ್ರೈವರನನ್ನು ದರ್ಜಿಯ ಭಾಮೈದ ಎದೆಗೆ ಕೈಯಿಟ್ಟು ತಡೆದ.

"ಬೇಡ ಸ್ವಾಮಿ. ಆರು ವರ್ಷ ಈ ಕಡೆ ತಲೆ ಹಾಕಿಯೂ ಮಲಗಲಿಲ್ಲ ನೀವು. ಈಗ್ಯಾಕೆ ಬಂದ್ರಿ?"

ಡ್ರೈವರ್ ಹಿಂದೆ ಸರಿದು ಹೊಲಿಗೆ ಮೆಷಿನ್ನಿಗೆ ಒರಗಿ ನಿಂತ. ಮನೆಯ ಮುಂದಿನ ಕೋಣೆಯೇ ಅಂಗಡಿ. ಬಟ್ಟೆ ಕತ್ತರಿಸುವ ಮೇಜಿನ ಮೇಲೇ ದರ್ಜಿಯ ಶವಪೆಟ್ಟಿಗೆ ಇಟ್ಟಿದ್ದರು. ಭಾಮೈದ ಹೇಳಿದ್ದರಲ್ಲಿ ಸುಳ್ಳೇನಿಲ್ಲ. ಆದರೆ ದರ್ಜಿಗೆ ಹೇಳಬೇಕಾದ ಮಾತೊಂದು ಡ್ರೈವರನ ಗಂಟಲಲ್ಲೇ ಉಳಿದಿತ್ತು. ಪೆಟ್ಟಿಗೆ ಹೊಸ್ತಿಲು ದಾಟಿದರೆ ಆಮೇಲೆ ಯಾರಿಗೆ ಹೇಳುವುದು?

*

ಜಗಳ ಹುಟ್ಟಿದ್ದು ಒಂದು ಹಕ್ಕಿಯಿಂದ, ನಂಬಿದರೆ ನಂಬಿ, ಬಿಟ್ಟರೆ ಬಿಡಿ. ಪ್ರತಿ ಚಳಿಗಾಲ ಇಬ್ಬರೂ ದುರ್ಬೀನು ನೇತುಹಾಕಿಕೊಂಡು ಕೆರೆಯಾಚೆ ಹೋಗುವವರು. ಗಿಡುಗವೋ ಹದ್ದೋ, ದೊಡ್ಡದಾದರೆ ಯಾರಾದರೂ ಗುರುತು ಹಿಡಿದಾರು. ಮೊದಲ ಚಳಿಗಾಲ ಕಾಣುತ್ತಿರುವ ಮರಿಗಳದ್ದೇ ತಲೆನೋವು. ಎಲ್ಲವೂ ಕಂದು, ಎಲ್ಲವೂ ಒಂದೇ ಥರ.

ಆ ದಿನ ಒಣಮರದ ಮೇಲೊಂದು ಗಿಡುಗ ಕೂತಿತ್ತು.

"ಎದೆ ಮೇಲೆ ಉದ್ದಗೆರೆ. ಈ ವರ್ಷದ ಮರಿ," ಎಂದ ದರ್ಜಿ.

"ಅಡ್ಡಗೆರೆ ಕಣಯ್ಯ, ದೊಡ್ಡದೇ!" ಡ್ರೈವರ್ ಒಂದು ಫೋಟೋ ತೆಗೆದುಕೊಂಡ.

ಅಲ್ಲಿಗೆ ಬಿಟ್ಟಿದ್ದರೆ ಆಗುತ್ತಿತ್ತು. ಪಕ್ಷಿವೀಕ್ಷಕರ ಸಂಘದ ಸಭೆಯಲ್ಲಿ ಡ್ರೈವರ್ ಇಪ್ಪತ್ತು ಜನರೆದುರು, "ಸೂಜಿ ನೋಡೀ ನೋಡೀ ಇವನ ಕಣ್ಣೇ ಹೋಗಿದೆ" ಎಂದುಬಿಟ್ಟ. ಎಲ್ಲರೂ ನಕ್ಕರು. ದರ್ಜಿಯಾದವನಿಗೆ ಆ ಮಾತು ಅನ್ನಕ್ಕೇ ಕಲ್ಲು. ಅವನು ಎದ್ದು ಹೋದವನು ಸಂಘಕ್ಕೆ ಮತ್ತೆ ಬರಲಿಲ್ಲ.

ವಾರದ ಮೇಲೆ ಫೋಟೋ ದೊಡ್ಡದು ಮಾಡಿಸಿದಾಗ ಎದೆಯ ತುಂಬ ಉದ್ದಗೆರೆಗಳೇ. ನಾಳೆ ಹೋಗಿ ಹೇಳಿದರಾಯಿತು ಎಂದುಕೊಂಡ ಡ್ರೈವರ್. ಅಯ್ಯೋ, ಆ ನಾಳೆ!

*

"ಅತ್ತಿಗೆ," ಎಂದ ಡ್ರೈವರ್, ಎಲ್ಲರಿಗೂ ಕೇಳಿಸುವಂತೆ. "ಅವನು ಹೇಳಿದ್ದೇ ಸರಿ. ಅದು ಮರೀನೇ. ಫೋಟೋ ನೋಡಿದ ದಿನವೇ ಗೊತ್ತಾಯ್ತು. ಅವನ ಕಣ್ಣು ಚೆನ್ನಾಗೇ ಇತ್ತು. ಬಂದು ಹೇಳೋಕೆ ನನಗೇ ಮುಖ ಇರ್ಲಿಲ್ಲ."

ದರ್ಜಿಯ ಹೆಂಡತಿ ತಲೆಯೆತ್ತಿದಳು. "ಆರು ವರ್ಷ ಬಾಯಿಗೆ ಬೀಗ ಹಾಕ್ಕೊಂಡಿದ್ರಾ? ನಿಮ್ಮ ಮಾತು ಕೇಳಿ ಎಷ್ಟು ಗಿರಾಕಿಗಳು ಬೇರೆ ಕಡೆ ಹೋದ್ರು, ಗೊತ್ತಾ?"

ಡ್ರೈವರನಿಗೆ ಭೂಮಿ ಬಾಯಿಬಿಡಬಾರದೇ ಅನಿಸಿತು. ಅವಳು ಸರಕ್ಕನೆ ಎದ್ದು, ಕಪಾಟಿನಿಂದ ಒಂದು ಉಣ್ಣೆಯ ಕೋಟು ತೆಗೆದು ಅವನ ಕೈಗೆ ತುರುಕಿದಳು.

"ಜಗಳಕ್ಕೆ ಮುಂಚೆ ನಿಮಗೇ ಅಂತ ಹೊಲಿದಿದ್ದು. ಕೊಡೋಕೆ ಅವರಿಗೆ ಬಿಗುಮಾನ. ಆದ್ರೆ ನೀವು ಎದುರಿನ ಸ್ಟಾಪಲ್ಲಿ ಬಸ್ ನಿಲ್ಲಿಸಿ ಇಳಿದಾಗೆಲ್ಲ ಕಿಟಕಿಯಿಂದ ನೋಡೋರು. 'ಇವನಿಗೆ ಹೊಟ್ಟೆ ಬಂತು ಕಣೇ' ಅಂತ ಪ್ರತಿ ಚಳಿಗಾಲ ಹೊಲಿಗೆ ಬಿಚ್ಚಿ ಸಡಿಲ ಮಾಡೋರು. ಹಾಕ್ಕೊಳ್ಳಿ, ಹೊರಗೆ ಚಳಿ." ತಮ್ಮನ ಕಡೆ ತಿರುಗಿದಳು. "ಬಿಡೋ. ಅವರೂ ಹಿಡೀಲಿ."

ಡ್ರೈವರ್ ಕೋಟು ತೊಟ್ಟ. ಹೊಟ್ಟೆಯ ಮೇಲಿನ ಗುಂಡಿಯೂ ಸಲೀಸಾಗಿ ಕಾಜದೊಳಗೆ ಸೇರಿತು. ಅವನು ಅಳುತ್ತಲೇ ಬಗ್ಗಿ ಪೆಟ್ಟಿಗೆಯ ಮೂಲೆಗೆ ಹೆಗಲು ಕೊಟ್ಟು, ಕೈಯೆತ್ತಿ ಹಿಡಿದು ನಡೆದ. ಕೋಟು ಕಂಕುಳಲ್ಲಿ ಒಂಚೂರೂ ಹಿಡಿಯಲಿಲ್ಲ.