ಮಾಲೀಕರ ಅಮ್ಮನ ಹಾಡು

“ಇವತ್ತೇನಾದ್ರೂ ಆ ಹಾಡು ಕೇಳಿಸ್ತೋ, ನಾಳೆಯಿಂದ ಬರೋದೇ ಬೇಡ,” ಎಂದು ಹೋಟೆಲ್ ಮಾಲೀಕರು ಪಿಯಾನೊದ ಮೇಲೆ ಬಾಗಿ ಪಿಸುಗುಟ್ಟಿದರು. ಪಿಯಾನೊದವನು ತಲೆಯಾಡಿಸಿದ. ಕಿಟಕಿ ಪಕ್ಕದ ಮೇಜಿನಲ್ಲಿ ಮಾಲೀಕರ ಅಮ್ಮ ಆಗಲೇ ಚಮಚದಿಂದ ಲೋಟ ಬಡಿಯುತ್ತಿದ್ದರು. “ನಮ್ಮ ಯಜಮಾನರ ಹಾಡು ನುಡಿಸಪ್ಪಾ!”

ತೀರಿಹೋದ ಯಜಮಾನರು ಅಡುಗೆಮನೆಯಲ್ಲಿ ಈರುಳ್ಳಿ ಹೆಚ್ಚುತ್ತ ಹಾಡುತ್ತಿದ್ದ ಹಾಡು ಅದು. ಹಳೆಯದು, ಊರಿಗೆಲ್ಲ ಬಾಯಿಪಾಠ. ದಿನಾ ಸಂಜೆ ಅದನ್ನೇ ಕೇಳಿ ಬೇಸತ್ತ ಗಿರಾಕಿಗಳು ಎದುರಿನ ಹೋಟೆಲಿಗೆ ಜಾರಿಕೊಳ್ಳತೊಡಗಿದ್ದರು. ಅಮ್ಮನಿಗೆ ಹೇಳುವ ಧೈರ್ಯ ಮಗನಿಗಿರಲಿಲ್ಲ. ಪಿಯಾನೊದವನ ಕುತ್ತಿಗೆ ಕೈಗೆ ಸಿಕ್ಕಿತ್ತು.

ಪಿಯಾನೊದವನೂ, ಪಕ್ಕದಲ್ಲಿ ಬಾಸ್ ಎಂಬ ಆಳೆತ್ತರದ ತಂತಿವಾದ್ಯ ಮೀಟುವ ಅವನ ಗೆಳೆಯನೂ ಜಾಝ್‌ನವರು. ಹಾಡನ್ನು ನುಡಿಸಿಯೂ ಗುರುತು ಸಿಗದಂತೆ ಮಾಡಲು ಅವರ ಕಸುಬಿನಲ್ಲಿ ಒಂದು ಉಪಾಯವಿತ್ತು. ಹಿಂದಿನ ವಾರ ಪಿಯಾನೊದವನು ಧಾಟಿಯನ್ನು ಹಾಗೇ ಬಿಟ್ಟು, ಅದಕ್ಕೆ ಆಸರೆಯಾಗಿ ಎಡಗೈ ಒಟ್ಟಿಗೆ ಒತ್ತುವ ಸ್ವರಗುಚ್ಛಗಳನ್ನು, ಅಂದರೆ ಕಾರ್ಡ್‌ಗಳನ್ನಷ್ಟೇ, ಬದಲಿಸಿ ನೋಡಿದ್ದ. ನಗುತ್ತಿದ್ದ ಹಾಡು ಯೋಚನೆಗೆ ಬಿದ್ದಂತಾಗಿತ್ತು. ಮಾಲೀಕರು ಪತ್ತೆ ಹಚ್ಚಿಬಿಟ್ಟಿದ್ದರು: “ಬಣ್ಣ ಬಳಿದ್ರೆ ನಂಗೆ ಗೊತ್ತಾಗಲ್ಲ ಅಂದ್ಕೊಂಡ್ರಾ?” ಇವತ್ತು ಧಾಟಿಯನ್ನೂ ತೆಗೆದುಹಾಕಿ, ಆ ಹೊಸ ಕಾರ್ಡ್‌ಗಳ ಮೇಲೆ ತನ್ನದೇ ಧಾಟಿಯೊಂದನ್ನು ಕೂರಿಸಿಕೊಂಡು ಬಂದಿದ್ದ.

ನುಡಿಸಿದ. ಮಾಲೀಕರು ನಿಂತಲ್ಲೇ ತಲೆದೂಗಿದರು. “ಹೊಸದಾ? ಭೇಷ್!”

ಲೋಟ ಬಡಿಯುವುದು ನಿಂತಿತು. ಅಮ್ಮ ಕತ್ತು ವಾಲಿಸಿ ಕೇಳಿದರು. ಆಮೇಲೆ ಗಂಟಲು ಸರಿಮಾಡಿಕೊಂಡು ಹಳೆಯ ಹಾಡನ್ನು ಮೊದಲ ಸಾಲಿನಿಂದ ಎತ್ತಿಕೊಂಡರು.

“ಸತ್ವಲ್ಲೋ,” ಎಂದ ಬಾಸಿನವನು. ಆದರೆ ಕೈ ನಿಲ್ಲಿಸಲಿಲ್ಲ. ಅಮ್ಮನ ಹಾಡು ಹೊಸ ಧಾಟಿಯ ಪಕ್ಕದಲ್ಲೇ, ಎಲ್ಲೂ ಮೈ ತಾಗಿಸದೆ, ಆರಾಮಾಗಿ ನಡೆದುಕೊಂಡು ಹೋಗುತ್ತಿತ್ತು.

ಮಾಲೀಕರು ದಾಪುಗಾಲಿಟ್ಟು ಬಂದರು. “ಏನ್ರೀ ಇದು? ಎರಡೂ ಬೇರೆ ಹಾಡಲ್ವಾ?”

“ಬೇರೇನೇ ಸಾರ್. ಒಂದೇ ಮನೇಲಿ ಬಾಡಿಗೆಗಿದಾವೆ, ಅಷ್ಟೆ.”

“ಮತ್ತೆ ಅಮ್ಮಂಗೆ ಹೇಗೆ ಗೊತ್ತಾಯ್ತು?”

ಅಮ್ಮ ಉಸಿರು ತೆಗೆದುಕೊಳ್ಳುವಷ್ಟು ಹೊತ್ತು ನಿಲ್ಲಿಸಿದರು. “ನಿಮ್ಮಪ್ಪ ಯಾವತ್ತು ಕಣೋ ಸರಿಯಾದ ಧಾಟೀಲಿ ಹಾಡಿದ್ರು? ಹೀಗೇ ಅಡ್ಡಡ್ಡ ಹೋಗೋರು. ಜೊತೆಗೆ ನಾನು ನೆಟ್ಟಗೆ ಹಾಡೋಳು.” ಮತ್ತೆ ಎತ್ತಿಕೊಂಡರು.

ಬಾಗಿಲವರೆಗೆ ಹೋಗಿದ್ದ ಗಿರಾಕಿಯೊಬ್ಬರು ಕೋಟು ಹಾಕಿಕೊಂಡೇ ಹಿಂದಿರುಗಿ ಕುಳಿತರು.

ಎರಡನೆಯ ಚರಣದಲ್ಲಿ ಅಮ್ಮನಿಗೆ ಸಾಲು ಮರೆತುಹೋಯಿತು. ಪಿಯಾನೊದವನು ಅವೇ ಕಾರ್ಡ್‌ಗಳನ್ನು ಮತ್ತೆ ಮತ್ತೆ ನುಡಿಸುತ್ತ ಕಾದ. ಮಾಲೀಕರು ಆಚೀಚೆ ನೋಡಿದರು. ಕಿವಿ ಕೆಂಪಾಗಿತ್ತು. ಕೊನೆಗೆ ಗೋಡೆಯ ಕಡೆ ಮುಖಮಾಡಿ, ಯಾರಿಗೋ ಬೈಯುವವರಂತೆ ಆ ಸಾಲನ್ನು ಹಾಡಿದರು.

ಅವರ ದನಿ ಮೂರನೆಯದೇ ಒಂದು ದಾರಿ ಹಿಡಿದಿತ್ತು. ಪಿಯಾನೊದವನು ಎಡಗೈಯನ್ನು ಒಂದಿಷ್ಟು ಸರಿಸಿ, ಅದಕ್ಕೂ ಜಾಗ ಮಾಡಿಕೊಟ್ಟ.